ಹೊಸ್ತಿಲವರೆಗಷ್ಟೇ ತರಬೇತಿ

ಸ್ನಾತಕೋತ್ತರ ಪದವಿ ಮುಗಿಸಿ ಕಾಲೇಜು ಅಧ್ಯಾಪಕರಾಗಬೇಕೆಂದು ಹೊರಟವರಿಗೆ ಕರ್ನಾಟಕದಲ್ಲಿ ಮೊದಲು ಕಣ್ಣಿಗೆ ಬೀಳುವುದು ಕೋಚಿಂಗ್ ಸೆಂಟರಿನ ಬೋರ್ಡು. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್‌ಗೆ ಓದುವವರಿದ್ದಾರೆ. ಊರಲ್ಲೇ ಇದ್ದು ಯೂಟ್ಯೂಬ್ ಪಾಠವನ್ನೂ ಟೆಲಿಗ್ರಾಂ ಗುಂಪಿನ ಪಿಡಿಎಫ್‌ಗಳನ್ನೂ ನಂಬಿಕೊಂಡವರಿದ್ದಾರೆ. ಉನ್ನತ ಶಿಕ್ಷಣದಲ್ಲಿ ಕೆಲಸ ಹುಡುಕುವವರಿಗೆ ನಮ್ಮಲ್ಲಿ ಸಿಗುವ ವೃತ್ತಿ ಮಾರ್ಗದರ್ಶನ ಬಹುಮಟ್ಟಿಗೆ ಇಷ್ಟೇ. ಪರೀಕ್ಷೆಗೆ ತಯಾರು ಮಾಡುವ ಕೆಲಸವನ್ನು ಈ ತರಬೇತಿ ತಕ್ಕಮಟ್ಟಿಗೆ ಚೆನ್ನಾಗಿಯೇ ಮಾಡುತ್ತದೆ. ನನ್ನ ತಕರಾರು ಬೇರೆ. ಅರ್ಹತಾ ಪತ್ರವನ್ನೇ ನೌಕರಿಯೆಂದು, ಕಟ್‌ಆಫ್ ದಾಟುವುದನ್ನೇ ಪಾಠ ಮಾಡುವ ಯೋಗ್ಯತೆಯೆಂದು ಅದು ಅಭ್ಯರ್ಥಿಗಳನ್ನು ನಂಬಿಸುತ್ತಿದೆ. ಆ ನಂಬಿಕೆಗೆ ಅವರು ತಮ್ಮ ವಯಸ್ಸಿನ ಅತ್ಯುತ್ತಮ ವರ್ಷಗಳನ್ನು ತೆರುತ್ತಿದ್ದಾರೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ನೆಟ್ ಪರೀಕ್ಷೆ 1989ರಿಂದ ನಡೆಯುತ್ತಿದೆ. ಈಗ ಅದರ ಹೊಣೆ ರಾಷ್ಟ್ರೀಯ ಪರೀಕ್ಷಾ ಏಜೆನ್ಸಿಯದು. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ವಿಷಯದ ಪತ್ರಿಕೆಯಲ್ಲಿ 100, ಎಲ್ಲ ಸೇರಿ 3 ಗಂಟೆ. ಮೊದಲ ಪತ್ರಿಕೆಯಲ್ಲಿ ಬೋಧನೆ, ಸಂಶೋಧನೆ, ತರ್ಕ, ದತ್ತಾಂಶ ವಿಶ್ಲೇಷಣೆ, ಕಂಪ್ಯೂಟರ್, ಪರಿಸರ, ಉನ್ನತ ಶಿಕ್ಷಣ ವ್ಯವಸ್ಥೆ ಹೀಗೆ ಹತ್ತು ಘಟಕಗಳು. ಎರಡು ವರ್ಷ ಇತಿಹಾಸವನ್ನೋ ಸಾಹಿತ್ಯವನ್ನೋ ಓದಿ ಬಂದ ಹಳ್ಳಿಯ ಹುಡುಗಿಗೆ ಇವುಗಳಲ್ಲಿ ಅರ್ಧದಷ್ಟನ್ನೂ ಅವಳ ವಿಭಾಗ ಕಲಿಸಿರುವುದಿಲ್ಲ. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪತ್ರಿಕೆ ಬರುವುದೇ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹಿಂದೆ ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿದ್ದ, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕೆ-ಸೆಟ್‌ನಲ್ಲಿ ಮೊದಲ ಪತ್ರಿಕೆ ಕನ್ನಡದಲ್ಲೂ ಇರುತ್ತದೆ, ನಿಜ. ಆದರೆ ಕನ್ನಡದಲ್ಲಿ ಅದನ್ನು ಓದಿಕೊಳ್ಳಲು ಒಳ್ಳೆಯ ಪುಸ್ತಕಗಳು ಬೇಕಲ್ಲ? ಆ ಕೊರತೆಯನ್ನು ಕನ್ನಡದ ಕೋಚಿಂಗ್ ನೋಟ್ಸು, ಉಚಿತ ವಿಡಿಯೊಗಳು ತುಂಬಿವೆ. ಮನೆಯಲ್ಲಿ ಮೊದಲ ಸಲ ಎಂ.ಎ. ಓದಿದವರಿಗೆ ಪಠ್ಯಕ್ರಮ ಎಲ್ಲಿ ಸಿಗುತ್ತದೆ, ಮೀಸಲಾತಿ ಪ್ರಮಾಣಪತ್ರ ಯಾವ ನಮೂನೆಯಲ್ಲಿರಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಡಬಾರದು ಎಂಬುದನ್ನೆಲ್ಲ ಹೇಳಿಕೊಟ್ಟವರು ಈ ತರಬೇತುದಾರರೇ. ಕೋಚಿಂಗನ್ನು ಸಾರಾಸಗಟಾಗಿ ಬೈಯುವವರು ಇದನ್ನು ಮರೆಯಬಾರದು.

ಇನ್ನು ತರಬೇತಿಯ ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡೋಣ. ಪಠ್ಯಕ್ರಮದ ಮೊದಲ ಘಟಕವೇ ಬೋಧನೆಗೆ ಮೂರು ಹಂತಗಳನ್ನು ಹೇಳುತ್ತದೆ: ಸ್ಮರಣೆ, ಗ್ರಹಿಕೆ, ಚಿಂತನೆ. ವಿದ್ಯಾರ್ಥಿಯನ್ನು ನೆನಪಿನಿಂದ ಅರ್ಥಕ್ಕೆ, ಅರ್ಥದಿಂದ ಸ್ವತಂತ್ರ ವಿಚಾರಕ್ಕೆ ಕರೆದೊಯ್ಯುವುದು ಹೇಗೆ ಎಂಬುದು ಅಧ್ಯಾಪಕನಾಗುವವನು ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆ. ಕೋಚಿಂಗ್ ತರಗತಿಯಲ್ಲಿ ಅದು ಮೂರು ಸಾಲಿನ ಕೋಷ್ಟಕವಾಗುತ್ತದೆ: ಸ್ಮರಣೆಗೆ ಹರ್ಬಾರ್ಟ್, ಗ್ರಹಿಕೆಗೆ ಮಾರಿಸನ್, ಚಿಂತನೆಗೆ ಹಂಟ್. ಚಿಂತನೆಯ ಹಂತದ ಬೋಧನೆಯನ್ನೂ ಬಾಯಿಪಾಠ ಮಾಡಿಸಿ ಮುಂದಿನ ಘಟಕಕ್ಕೆ ಹೋಗುತ್ತಾರೆ. ಕನ್ನಡ ಪತ್ರಿಕೆಯ ತಯಾರಿಯೂ ಹೀಗೆಯೇ. ಕೃತಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಎಂದರೆ ಕವಿರಾಜಮಾರ್ಗ, ವಿಕ್ರಮಾರ್ಜುನ ವಿಜಯ, ಗದಾಯುದ್ಧ, ಯಶೋಧರ ಚರಿತೆ ಎಂದು ತಡವರಿಸದೆ ಜೋಡಿಸುವ ಅಭ್ಯರ್ಥಿ ಗದಾಯುದ್ಧ ಬರೆದ ರನ್ನನ ಒಂದು ಪದ್ಯವನ್ನೂ ಬಿಡಿಸಿ ಓದಿರಬೇಕಾಗಿಲ್ಲ. ದುರ್ಯೋಧನ ಏಕೆ ನಮ್ಮ ಮನಸ್ಸನ್ನು ಕಲಕುತ್ತಾನೆ ಎಂದು ತರಗತಿಯಲ್ಲಿ ವಿದ್ಯಾರ್ಥಿ ಕೇಳಿದರೆ ಈ ಅನುಕ್ರಮ ನೆರವಿಗೆ ಬರುವುದಿಲ್ಲ. ಹೆಸರು, ಇಸವಿ, ಜೋಡಿಗಳ ಜ್ಞಾನ ಬೇಡವೆಂದಲ್ಲ. ಅದು ವಿದ್ವತ್ತಿನ ಆರಂಭ. ತರಬೇತಿ ಅದನ್ನೇ ಕೊನೆಯೆಂದು ಕಲಿಸುತ್ತದೆ.

ಇದಕ್ಕೆ ಬರುವ ಮೊದಲ ಉತ್ತರ ನನಗೆ ಗೊತ್ತು: ದೋಷ ಪರೀಕ್ಷೆಯದು, ಕೇಳಿದ್ದನ್ನು ಕಲಿಸುವ ಕೋಚಿಂಗಿನದಲ್ಲ. ಇದರಲ್ಲಿ ಸತ್ಯವಿದೆ. 2012ಕ್ಕೆ ಮುಂಚೆ ನೆಟ್‌ನ ಮೂರನೇ ಪತ್ರಿಕೆಯಲ್ಲಿ ಅಭ್ಯರ್ಥಿ ಪ್ರಬಂಧರೂಪದ ಉತ್ತರ ಬರೆಯಬೇಕಿತ್ತು. ಆ ವರ್ಷದ ಜೂನ್‌ನಿಂದ ಅದೂ ಬಹು ಆಯ್ಕೆಯ ಪ್ರಶ್ನೆಗಳಿಗೆ ತಿರುಗಿತು. ಅಂದಿನಿಂದ, ವಾದವೊಂದನ್ನು ಕಟ್ಟಿ ನಾಲ್ಕು ಪುಟ ಬರೆಯಬಲ್ಲೆ ಎಂದು ತೋರಿಸದೆಯೇ ಈ ಪರೀಕ್ಷೆಯಲ್ಲಿ ಅಧ್ಯಾಪಕನಾಗುವ ಅರ್ಹತೆ ಗಳಿಸಬಹುದು. ಇದನ್ನು ಕೋಚಿಂಗ್ ಮಾಡಿದ್ದಲ್ಲ. ಆದರೆ ಪರೀಕ್ಷೆಯ ಫಲದ ಬಗ್ಗೆ ಸುಳ್ಳು ಭರವಸೆ ಕೊಡು ಎಂದು ಪರೀಕ್ಷೆ ಯಾರಿಗೂ ಹೇಳಿಲ್ಲ. ನೆಟ್‌ಗೆ ಹಾಜರಾದ ಅಭ್ಯರ್ಥಿಗಳಲ್ಲಿ ಅರ್ಹರಾಗುವವರು ಶೇ. 6ರಷ್ಟು ಮಾತ್ರ, ಕೆ-ಸೆಟ್‌ನಲ್ಲೂ ಇದೇ ನಿಯಮ. ಎಲ್ಲರೂ ಅತ್ಯುತ್ತಮ ತರಬೇತಿ ಪಡೆದರೂ ನೂರರಲ್ಲಿ ತೊಂಬತ್ತನಾಲ್ಕು ಮಂದಿ ಹೊರಗೇ ಉಳಿಯುತ್ತಾರೆ, ಕಟ್‌ಆಫ್ ಮಾತ್ರ ಮೇಲೇರುತ್ತದೆ. ಒಬ್ಬ ಅಭ್ಯರ್ಥಿಗೆ ತರಬೇತಿಯಿಂದ ಲಾಭವಾಗಬಹುದು. ಅಭ್ಯರ್ಥಿಗಳ ಸಮುದಾಯಕ್ಕೆ ಆಗುವುದು ಖರ್ಚು. ಈ ಲೆಕ್ಕವನ್ನು ಮೊದಲ ದಿನದ ತರಗತಿಯಲ್ಲೇ ಕಪ್ಪುಹಲಗೆಯ ಮೇಲೆ ಬರೆಯುವುದು ಪ್ರಾಮಾಣಿಕ ಮಾರ್ಗದರ್ಶಕನ ಕರ್ತವ್ಯ.

ಆ ಆರರಲ್ಲಿ ಒಬ್ಬರಾದವರ ಗತಿಯೇನು? ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಪತ್ರದ ಮಾನ್ಯತೆ ಜೀವನಪರ್ಯಂತ. ಆದ್ದರಿಂದ ವರ್ಷಕ್ಕೆರಡು ಬಾರಿ ಹೊಸ ಅರ್ಹರು ಹಳೆಯ ಅರ್ಹರ ಸಾಲಿಗೆ ಸೇರುತ್ತಲೇ ಹೋಗುತ್ತಾರೆ. ಹುದ್ದೆಗಳು ಹಾಗೆ ಬರುವುದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ 1,242 ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದು 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಸಿದಾಗ ಭೂಗೋಳಶಾಸ್ತ್ರ ಪತ್ರಿಕೆಯ ಸೋರಿಕೆ ಪ್ರಕರಣ ಎದ್ದು ಬಂಧನಗಳಾದವು. ಇತ್ತ ಅದೇ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತಿದ್ದರು. ಯುಜಿಸಿ ಅರ್ಹತೆ ಇದ್ದವರಿಗೆ ತಿಂಗಳಿಗೆ 13,000 ರೂಪಾಯಿ ಸಿಗುತ್ತಿತ್ತು. 2022ರ ಪರಿಷ್ಕರಣೆಯಲ್ಲಿ ಅದು ಹೆಚ್ಚು ಸೇವೆ ಸಲ್ಲಿಸಿದವರಿಗೆ 32,000ಕ್ಕೆ ಏರಿತು, ಆಮೇಲೆ ಮತ್ತಷ್ಟು. ಕಾಯಂ ಹುದ್ದೆಯ ಆರಂಭಿಕ ಮೂಲವೇತನವೇ 57,700. ಪರೀಕ್ಷೆ ಗೆದ್ದವರನ್ನೂ ಕಾಯುತ್ತಿರುವ ವೃತ್ತಿಯ ನಿಜ ಚಿತ್ರ ಇದು. ‘ನೆಟ್ ಕ್ರ್ಯಾಕ್ ಮಾಡಿ, ಪ್ರೊಫೆಸರ್ ಆಗಿ’ ಎನ್ನುವ ಪೋಸ್ಟರಿನಲ್ಲಿ ಇದಕ್ಕೆ ಜಾಗವಿಲ್ಲ.

ಅಮೆರಿಕದಲ್ಲಿ ಅಧ್ಯಾಪಕ ವೃತ್ತಿಯ ತರಬೇತಿ ಇನ್ನೂ ದುಬಾರಿ, ಅದರ ಮೇಲೂ ಟೀಕೆಗಳಿವೆ. ಆದರೂ ಅಲ್ಲಿನ ವೃತ್ತಿ ಸಲಹೆಗಾರ್ತಿ ಕ್ಯಾರೆನ್ ಕೆಲ್ಸ್ಕಿ 2015ರಲ್ಲಿ ಪ್ರಕಟಿಸಿದ ‘ದಿ ಪ್ರೊಫೆಸರ್ ಈಸ್ ಇನ್’ ಎಂಬ ಪುಸ್ತಕ ಕಾಯಂ ಹುದ್ದೆಗಳು ಕುಗ್ಗುತ್ತಿರುವುದನ್ನು ಆರಂಭದಲ್ಲೇ ಹೇಳಿಬಿಡುತ್ತದೆ, ಕೊನೆಯ ಭಾಗದಲ್ಲಿ ವಿಶ್ವವಿದ್ಯಾಲಯ ಬಿಟ್ಟು ಬದುಕುವ ದಾರಿಗಳನ್ನೂ ಚರ್ಚಿಸುತ್ತದೆ. ನಮ್ಮ ತರಬೇತಿ ಕಲಿಯಬೇಕಾದದ್ದು ಈ ನೇರಮಾತನ್ನು. ಅನುವಾದ, ಪತ್ರಿಕೋದ್ಯಮ, ಪ್ರಕಾಶನ, ಪತ್ರಾಗಾರ, ಶಾಲಾ ಶಿಕ್ಷಣ ಇವೆಲ್ಲ ಎಂ.ಎ. ಓದಿದವರು ಮರ್ಯಾದೆಯಿಂದ ದುಡಿಯಬಹುದಾದ ಕ್ಷೇತ್ರಗಳು; ಕೋಚಿಂಗ್ ತರಗತಿಯಲ್ಲಿ ಅವುಗಳ ಮಾತೇ ಬರುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಬೋಧನೆಯನ್ನು ಅಳೆಯಲು ಸಂದರ್ಶನವನ್ನೋ ಮಾದರಿ ಪಾಠವನ್ನೋ ತಂದರೆ ಜಾತಿ, ವಶೀಲಿ, ಲಂಚಕ್ಕೆ ಬಾಗಿಲು ತೆರೆದಂತಾಗುತ್ತದೆ. ಬಡವರ ಮಕ್ಕಳನ್ನು ಕಾಪಾಡುವುದು ಯಂತ್ರ ತಿದ್ದುವ ಒಎಂಆರ್ ಹಾಳೆಯೇ ಎಂಬ ವಾದವಿದು. ನೇಮಕಾತಿಯ ಇತಿಹಾಸ ಬಲ್ಲವರು ಯಾರೂ ಈ ಭಯವನ್ನು ತಳ್ಳಿಹಾಕಲಾರರು. ಆದರೆ ವಸ್ತುನಿಷ್ಠ ಪರೀಕ್ಷೆ ಆ ರಕ್ಷಣೆಯನ್ನು ಪೂರ್ತಿಯಾಗಿ ಕೊಟ್ಟಿಲ್ಲ ಎಂಬುದಕ್ಕೆ ಭೂಗೋಳದ ಪತ್ರಿಕೆ ಸಾಕ್ಷಿ. 2024ರ ಜೂನ್ 18ರಂದು ಸುಮಾರು 9 ಲಕ್ಷ ಮಂದಿ ಬರೆದ ನೆಟ್ ಪರೀಕ್ಷೆ ಮರುದಿನವೇ ರದ್ದಾದದ್ದೂ ನಮ್ಮ ಮುಂದಿದೆ. ಅಷ್ಟಕ್ಕೂ ನಾನು ಕೇಳುತ್ತಿರುವುದು ಲಿಖಿತ ಪರೀಕ್ಷೆಯನ್ನು ತೆಗೆಯಿರಿ ಎಂದಲ್ಲ. ಪಾಠ ಮಾಡುವುದನ್ನು ಕಲಿಸುವ ಕೆಲಸ ನೇಮಕಾತಿಗೆ ಬಹಳ ಮುಂಚೆ, ಸ್ನಾತಕೋತ್ತರ ವಿಭಾಗಗಳಲ್ಲೇ ಆಗಬೇಕು.

ಹಾಗಾಗಿ ಈ ವಿಮರ್ಶೆಯ ಹೆಚ್ಚಿನ ಭಾರ ಬೀಳಬೇಕಾದದ್ದು ವಿಶ್ವವಿದ್ಯಾಲಯಗಳ ಮೇಲೆ. ಉನ್ನತ ಶಿಕ್ಷಣ ಸಂಸ್ಥೆಗಳ ನ್ಯಾಕ್ ಮೌಲ್ಯಮಾಪನದಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಮತ್ತು ವೃತ್ತಿ ಮಾರ್ಗದರ್ಶನ ಪಡೆದ ವಿದ್ಯಾರ್ಥಿಗಳ ಸಂಖ್ಯೆಯನ್ನು ಕೇಳುತ್ತಾರೆ. ಸಂಖ್ಯೆ ಕೇಳಿದರೆ ಸಂಖ್ಯೆಯೇ ಸಿಗುತ್ತದೆ: ಒಂದು ದಿನದ ಕಾರ್ಯಾಗಾರ, ಹಾಜರಿ ಪಟ್ಟಿ, ಬ್ಯಾನರ್ ಮುಂದೆ ಒಂದು ಫೋಟೊ. ಎಂ.ಎ. ಎರಡನೇ ವರ್ಷದವರು ಪದವಿ ವಿದ್ಯಾರ್ಥಿಗಳಿಗೆ ವಾರಕ್ಕೊಂದು ಪಾಠ ಮಾಡಿ, ಹಿರಿಯ ಅಧ್ಯಾಪಕರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ತಿದ್ದುವ ಏರ್ಪಾಡಿಗೆ ಹಣವೂ ಬೇಡ, ಹೊಸ ಆದೇಶವೂ ಬೇಡ. ಇದನ್ನು ವಿಭಾಗಗಳು ಮಾಡದಿರುವುದರಿಂದಲೇ ಕೋಚಿಂಗ್ ಸೆಂಟರುಗಳು ಅಧ್ಯಾಪಕ ವೃತ್ತಿಯ ಏಕೈಕ ಗುರುಗಳಾಗಿ ಕೂತಿವೆ.

ಕೋಚಿಂಗ್ ಸೇರಲು ಹೊರಟವರಿಗೆ ಒಂದು ಮಾತು. ಕೆಲಸ ಖಚಿತ ಎಂಬ ಜಾಹೀರಾತನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಆಯ್ಕೆಯಾದವರ ಫೋಟೊ ಹಾಕಿದರೆ ಅವರು ಓದಿದ್ದು ಯಾವ ಕೋರ್ಸು, ಎಷ್ಟು ಅವಧಿ ಎಂಬುದನ್ನೂ ತಿಳಿಸಬೇಕು. ಶುಲ್ಕ ಕಟ್ಟುವ ಮುಂಚೆ ಕೇಳಿ: ಕಳೆದ ಬಾರಿ ಇಲ್ಲಿ ಎಷ್ಟು ಮಂದಿ ಸೇರಿದ್ದರು, ಎಷ್ಟು ಮಂದಿ ಅರ್ಹರಾದರು, ಅವರಲ್ಲಿ ಎಷ್ಟು ಮಂದಿ ಇಂದು ಕಾಯಂ ಹುದ್ದೆಯಲ್ಲಿದ್ದಾರೆ? ಮೂರಕ್ಕೂ ಬರಹದಲ್ಲಿ ಉತ್ತರ ಕೊಡದ ಕಡೆ ಹಣ ಕಟ್ಟಬೇಡಿ.