ಹೊರೆ ಇಳಿದ ಮೇಲಿನ ದಾರಿ

ದೀಕ್ಷೆಯೇ ಪಕ್ವತೆಯಲ್ಲ, ಅದು ಪಕ್ವತೆಯ ಬೀಜ. ಶರಣಪಥದವರಿಗೆ ಈ ಮಾತು ಹೊಸದಲ್ಲ. ಕ್ರೈಸ್ತಧರ್ಮದ ಸಾಧಕರೂ ಇದನ್ನೇ ತಮ್ಮ ರೀತಿಯಲ್ಲಿ ನಿರೂಪಿಸಿದ್ದಾರೆಂಬುದು ತೌಲನಿಕ ವಿವೇಚನೆಗೆ ಅರ್ಹವಾದ ಸಂಗತಿ. ಬೆಳಗಾವಿಗಂತೂ ಈ ವಿವೇಚನೆ ಸಹಜವಾದುದು. 1820ರಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬಂದು ಇಲ್ಲಿ ಕೇಂದ್ರ ಸ್ಥಾಪಿಸಿದಂದಿನಿಂದ ಮಠ, ಚರ್ಚುಗಳೆರಡೂ ಈ ಊರಿನ ಬಾಳಿನಲ್ಲಿ ಬೆರೆತಿವೆ.

ಕ್ರೈಸ್ತ ಸಾಧಕನ ಬೆಳವಣಿಗೆಯನ್ನು ಕಥಾರೂಪದಲ್ಲಿ ತೋರಿದ ಪ್ರಸಿದ್ಧ ಗ್ರಂಥವೆಂದರೆ 1678ರಲ್ಲಿ ಪ್ರಕಟವಾದ ಜಾನ್ ಬನ್ಯನ್ನನ ಕೃತಿ. 19ನೆಯ ಶತಮಾನದಲ್ಲಿಯೇ ಅದು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಕ್ಕೆ ಬಂದಿತು. ಬೆನ್ನ ಮೇಲೆ ಪಾಪದ ಹೊರೆ ಹೊತ್ತವನೊಬ್ಬ ಮಡದಿ ಮಕ್ಕಳನ್ನು ಬಿಟ್ಟು ಹೊರಡುತ್ತಾನೆ. ಶಿಲುಬೆಯ ಮುಂದೆ ಹೊರೆ ತಾನಾಗಿ ಕಳಚಿ ಬೀಳುತ್ತದೆ. ಇದು ಕಥೆಯ ಕೊನೆಯಲ್ಲಲ್ಲ, ಪೂರ್ವಾರ್ಧದಲ್ಲಿಯೇ ನಡೆಯುವುದು ಗಮನಾರ್ಹ. ಕ್ಷಮೆ ದೊರೆತ ಮೇಲೂ ದಾರಿ ಬಹಳ ಉಳಿದಿರುತ್ತದೆ: ಇಳಿಯಬೇಕಾದ ಕಣಿವೆಗಳು, ಹಾಯಬೇಕಾದ ಸಂತೆ, ಹತಾಶೆಯ ಸೆರೆ. ಕಟ್ಟಕಡೆಯ ನದಿಯಲ್ಲಿ, ಅಷ್ಟು ದೂರ ನಡೆದು ಬಂದವನೇ ಮುಳುಗತೊಡಗುತ್ತಾನೆ. ಸಂಗಡಿಗನ ಧೈರ್ಯವೇ ಅವನನ್ನು ದಡ ಸೇರಿಸುತ್ತದೆ. ಪಕ್ವನಿಗೂ ಸತ್ಸಂಗ ಬೇಕೆಂಬ ಈ ತಿಳಿವು ಅನುಭವಮಂಟಪದ ತಿಳಿವಿಗೆ ದೂರವಾದುದಲ್ಲ.

ಆದರೆ ಸಾದೃಶ್ಯವನ್ನು ಇಲ್ಲಿಗೇ ನಿಲ್ಲಿಸುವುದು ಉಚಿತ. ಯಾತ್ರಿಕನು ದಾಟಿದ ಊರು ಹಿಂದೆ ಉಳಿಯುತ್ತದೆ. ಷಟ್‌ಸ್ಥಲದಲ್ಲಿ ಭಕ್ತಸ್ಥಲ ಹಿಂದೆ ಉಳಿಯುವುದಿಲ್ಲ. ಐಕ್ಯನಲ್ಲಿಯೂ ಭಕ್ತನ ದಾಸೋಹಭಾವ ಜೀವಂತವಾಗಿರುತ್ತದೆ. ಗುರಿಯೂ ಬೇರೆ. ಅಲ್ಲಿ ಒಡೆಯನ ಸನ್ನಿಧಿ. ಇಲ್ಲಿ ಲಿಂಗಾಂಗ ಸಾಮರಸ್ಯ. ಎರಡನ್ನೂ ಒಂದೇ ಎಂದು ಸಾರುವ ಅವಸರ ಎರಡಕ್ಕೂ ಅಪಚಾರವೆಸಗುತ್ತದೆ.

ಈ ಭೇದವನ್ನರಿತೂ ಪ್ರೀತಿಯಿಂದ ದುಡಿದವರು ಉತ್ತಂಗಿ ಚನ್ನಪ್ಪನವರು (1881–1962). ಕ್ರೈಸ್ತ ಪಾದ್ರಿಗಳಾಗಿದ್ದ ಅವರು ಸರ್ವಜ್ಞನ ವಚನಗಳನ್ನು ಸಂಪಾದಿಸಿದರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮೋಳಿಗೆಯ ಮಾರಯ್ಯ ಹಾಗೂ ಅವನ ಸತಿ ಮಹಾದೇವಿಯರ ವಚನಗಳನ್ನೂ ಅವರೇ ಬೆಳಕಿಗೆ ತಂದುದು ಅರ್ಥಪೂರ್ಣ. ಕೈಲಾಸವನ್ನು ಬಯಸಿದ ಪತಿಗೆ, ಐಕ್ಯವೆಂಬುದು ಬೇರೊಂದೆಡೆಗೆ ಹೋಗಿ ಪಡೆಯುವ ವಸ್ತುವಲ್ಲವೆಂದು ತಿಳಿಯಹೇಳಿದವಳು ಆ ಮಹಾದೇವಿ. ಯಾತ್ರೆಯ ರೂಪಕದಲ್ಲಿ ಬೆಳೆದ ವಿದ್ವಾಂಸರೊಬ್ಬರು ಯಾತ್ರೆಯನ್ನೇ ಪ್ರಶ್ನಿಸುವ ವಚನಗಳಿಗೆ ಶ್ರಮಿಸಿದರು. ತನ್ನ ಶ್ರದ್ಧೆಯನ್ನು ಬಿಡದೆ ಪರರ ಅನುಭಾವವನ್ನು ಗೌರವಿಸುವುದೂ ಪಕ್ವತೆಯ ಲಕ್ಷಣವೇ.

ಹಾಗಾದರೆ ಪಕ್ವತೆಯ ಅಳತೆ ಯಾವುದು? ನಡೆದ ದೂರವೇ? ಕಲಿತ ಸ್ಥಲಗಳ ಹೆಸರೇ? ಉತ್ತರಕ್ಕಾಗಿ ಖಾನಾಪುರ ತಾಲೂಕಿನ ಕಕ್ಕೇರಿಯತ್ತ ನೋಡಬೇಕು. ಕಲ್ಯಾಣ ಕ್ರಾಂತಿಯ ತರುವಾಯ ಶರಣರು ವಚನದ ಕಟ್ಟುಗಳೊಡನೆ ಉಳವಿಯತ್ತ ಸಾಗಿದಾಗ, ಬೆನ್ನಟ್ಟಿದ ಸೈನ್ಯವನ್ನು ತಡೆದು ಡೋಹರ ಕಕ್ಕಯ್ಯನವರು ಇಲ್ಲಿ ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ತೊಗಲು ಹದಮಾಡುವ ಕಾಯಕದ ಆ ಶರಣರು ಉಳವಿಯನ್ನು ಮುಟ್ಟಲಿಲ್ಲ. ಇತರರು ಮುಟ್ಟಲೆಂದು ನಡುದಾರಿಯಲ್ಲಿ ನಿಂತರು. ಆದರೂ ಅವರ ಸಾಧನೆ ಅಪೂರ್ಣವೆಂದು ಯಾರೂ ಬಗೆಯಲಾರರು. ಆರು ಸ್ಥಲಗಳನ್ನು ಕಂಠಪಾಠ ಮಾಡಿಯೂ ನೆರೆಯವನ ಹೊರೆಗೆ ಹೆಗಲು ಕೊಡದವನು, ಯಾವ ಧರ್ಮದವನಾಗಲಿ, ಇನ್ನೂ ಹೊರಟೇ ಇಲ್ಲ.