ನೆನಪಿನ ಮುಂಬೈ, ನೌಕರಿಯ ಮುಂಬೈ

ಉರ್ದುವಿನಲ್ಲಿ ರೋಜಿ-ರೋಟಿ ಅಂತ ಒಂದು ಜೋಡಿ ಪದ ಇದೆ. ದಿನದ ದುಡಿಮೆ, ದಿನದ ಅನ್ನ. ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಾಂಬೆಗೆ ಹೋದವರಲ್ಲಿ ಹೆಚ್ಚಿನವರು ಹೋದದ್ದು ಇದಕ್ಕಾಗಿಯೇ. ಸಮುದ್ರ ನೋಡೋದಕ್ಕಲ್ಲ, ಸಿನಿಮಾ ನಟರನ್ನು ನೋಡೋದಕ್ಕೂ ಅಲ್ಲ. ಆದರೆ ಮೂವತ್ತು-ನಲವತ್ತು ವರ್ಷ ಅಲ್ಲಿ ಕಳೆದು ಊರಿಗೆ ಬಂದವರ ಮಾತು ಕೇಳಿ ನೋಡಿ. ಮೆರೀನ್ ಡ್ರೈವ್ ಬರುತ್ತದೆ, ಲೋಕಲ್ ಟ್ರೇನಿನ ನೂಕುನುಗ್ಗಲು ಬರುತ್ತದೆ, ಮಳೆ ಬರುತ್ತದೆ, ಇರಾನಿ ಹೋಟೆಲಿನ ಚಹಾ ಬರುತ್ತದೆ. "ಅಲ್ಲಿ ಏನು ಕೆಲಸ ಮಾಡ್ತಿದ್ರಿ, ತನ್ಖಾ ಎಷ್ಟಿತ್ತು, ಯಾಕೆ ಬಿಟ್ಟು ಬಂದ್ರಿ?" ಅಂತ ಕೇಳಿದರೆ ಮಾತ್ರ ಉತ್ತರ ಚಿಕ್ಕದಾಗುತ್ತದೆ.

ಸಾಹಿತ್ಯದಲ್ಲೂ ಹೀಗೆ ಆಗುತ್ತದೆ. ಲೇಖಕರು ತಮ್ಮ ಹಲವು ದಶಕಗಳನ್ನು ಹಿಂತಿರುಗಿ ನೋಡಿ ಬರೆಯುವಾಗ ನೆನಪು ಸಿಹಿಯಾಗುತ್ತದೆ, ಕೆಲಸ ಮರೆಯಾಗುತ್ತದೆ. ಕಾಲ ಬದಲಾಯಿತು ಎಂಬ ನಿಟ್ಟುಸಿರು ಉಳಿಯುತ್ತದೆ. ಹೇಗೆ ಬದಲಾಯಿತು, ಯಾರಿಗೆ ಏನು ಹೋಯಿತು ಎಂಬುದು ಉಳಿಯುವುದಿಲ್ಲ. ಮುಂಬೈ ಬಗ್ಗೆ ಬಂದ ಒಳ್ಳೆಯ ಬರಹಗಳು ಒಳ್ಳೆಯವಾಗಿರುವುದು ನೆನಪಿನ ಸೊಗಸಿನಿಂದಲ್ಲ, ಅವುಗಳಲ್ಲಿ ಕೆಲಸದ ವಿವರ ಉಳಿದಿರುವುದರಿಂದ ಎಂಬುದು ನನ್ನ ವಾದ. ಇದನ್ನು ನಾಲ್ವರು ಲೇಖಕರನ್ನು ಇಟ್ಟುಕೊಂಡು ನೋಡೋಣ. ಮೂವರು ಕನ್ನಡದವರು, ಒಬ್ಬರು ಉರ್ದುವಿನವರು.

ಮೊದಲು ಯಶವಂತ ಚಿತ್ತಾಲ. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದವರು. ಮುಂಬೈಯಲ್ಲಿ ರಸಾಯನ ತಂತ್ರಜ್ಞಾನ ಓದಿ, ಅಮೆರಿಕಕ್ಕೂ ಹೋಗಿ ಕಲಿತು ಬಂದು, ಪ್ಲಾಸ್ಟಿಕ್ ಮತ್ತು ಪಾಲಿಮರ್ ಉದ್ಯಮದಲ್ಲಿ ದೊಡ್ಡ ಹುದ್ದೆಯವರೆಗೆ ಏರಿದರು. 2014ರಲ್ಲಿ ತೀರಿಕೊಂಡದ್ದೂ ಮುಂಬೈಯಲ್ಲೇ. ಅಂದರೆ ಬದುಕಿನ ಬಹುಭಾಗ ಆ ನಗರದಲ್ಲಿ ಕಳೆದವರು. ಆದರೂ ಕಥೆಗಳಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೆ ಹೋಗುತ್ತಾರೆ. ಇದನ್ನು ಊರಿನ ಹಂಬಲ ಅಂತ ಓದುವುದು ರೂಢಿ. ನನಗೆ ಹಾಗೆ ಓದಿದರೆ ಅರ್ಧ ಮಾತ್ರ ಓದಿದಂತೆ ಅನಿಸುತ್ತದೆ.

1979ರಲ್ಲಿ ಬಂದ 'ಶಿಕಾರಿ' ಕಾದಂಬರಿ ನೋಡಿ. ಅದರ ನಾಯಕ ನಾಗಪ್ಪ ಒಂದು ದೊಡ್ಡ ಕಂಪೆನಿಯ ಅಧಿಕಾರಿ. ಇದ್ದಕ್ಕಿದ್ದಂತೆ ಅವನ ನೌಕರಿ ಅಲುಗಾಡುತ್ತದೆ. ಯಾರು ಆರೋಪ ಮಾಡಿದರು, ಆರೋಪ ಏನು, ಯಾಕೆ ಈಗ ಎಂಬುದು ಅವನಿಗೇ ಸ್ಪಷ್ಟವಿಲ್ಲ. ಕಾದಂಬರಿಯ ತುಂಬ ಅವನು ಬೇಟೆಗೆ ಸಿಕ್ಕ ಪ್ರಾಣಿಯ ಹಾಗೆ ಓಡುತ್ತಾನೆ. ವಿಮರ್ಶಕರು ಇಲ್ಲಿ ಅಸ್ತಿತ್ವವಾದ, ಕಾಫ್ಕಾ, ಆಧುನಿಕ ಮನುಷ್ಯನ ಒಂಟಿತನ ಎಲ್ಲವನ್ನೂ ಕಂಡಿದ್ದಾರೆ. ಅವೆಲ್ಲ ಇವೆ, ಇಲ್ಲ ಅನ್ನೋದಿಲ್ಲ. ಆದರೆ ಅದಕ್ಕೂ ಮೊದಲು ಇದು ಆಫೀಸಿನ ಕಾದಂಬರಿ. ಬಡ್ತಿ, ರಜೆ, ಪತ್ರ, ಮೇಲಧಿಕಾರಿಯ ಮುಖಭಾವ, ಫೋನಿನಲ್ಲಿ ಕೇಳಿದ ಒಂದು ವಾಕ್ಯದ ಧಾಟಿ, ಇವುಗಳಿಂದಲೇ ಭಯ ಹುಟ್ಟುತ್ತದೆ. ಕಂಪೆನಿಯ ಒಳಗೆ ಕೂತು ದಶಕಗಟ್ಟಲೆ ಕೆಲಸ ಮಾಡದವರು ಈ ಭಯವನ್ನು ಇಷ್ಟು ಸೂಕ್ಷ್ಮವಾಗಿ ಬರೆಯುವುದು ಕಷ್ಟ. ಇವತ್ತು ನಿಮ್ಮಲ್ಲಿ ಯಾರಿಗಾದರೂ ಕಂಪೆನಿಯಿಂದ ಒಂದು ಈಮೇಲ್ ಬಂದು, ಮರುದಿನ ಐಡಿ ಕಾರ್ಡು ಕೆಲಸ ಮಾಡದೆ ಹೋಗಿದ್ದರೆ, ನಾಗಪ್ಪ ನಿಮಗೆ ಹಳಬ ಅನಿಸುವುದಿಲ್ಲ.

ಕೊರತೆಯೂ ಇದೆ. 'ಶಿಕಾರಿ'ಯಲ್ಲಿ ನಾವು ಜಗತ್ತನ್ನು ಅಧಿಕಾರಿಯ ಕುರ್ಚಿಯಿಂದ ನೋಡುತ್ತೇವೆ. ಕಾರ್ಖಾನೆಯಲ್ಲಿ ಕೈಯಿಂದ ಕೆಲಸ ಮಾಡುವವನು ಕಥೆಯ ಮಧ್ಯಕ್ಕೆ ಬರುವುದಿಲ್ಲ. ಆ ಜಾಗಕ್ಕೆ ವ್ಯಾಸರಾಯ ಬಲ್ಲಾಳರು ಬರುತ್ತಾರೆ. ಉಡುಪಿಯ ಕಡೆಯಿಂದ ಹೋಗಿ ಮುಂಬೈಯಲ್ಲಿ ನೌಕರಿ ಮಾಡಿದ ಬಲ್ಲಾಳರಿಗೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 'ಬಂಡಾಯ' ಕಾದಂಬರಿಗೆ. ಅದರ ವಸ್ತು ಮುಂಬೈಯ ಕಾರ್ಮಿಕರ ಸಂಘರ್ಷ. ಚಿತ್ತಾಲರಲ್ಲಿ ನೌಕರಿ ಒಬ್ಬನ ಎದೆಯೊಳಗಿನ ಭಯ. ಬಲ್ಲಾಳರಲ್ಲಿ ಅದು ಹಲವರು ಸೇರಿ ಕೇಳುವ ಪ್ರಶ್ನೆ.

ಈ ಪ್ರಶಸ್ತಿಯ ಹೊತ್ತಿಗೆ ಹೊರಗೆ ಏನಾಗಿತ್ತು ಅಂತ ವಿದ್ಯಾರ್ಥಿಗಳು ತಿಳಿದಿರಬೇಕು. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರ ಗೆಲ್ಲಲಿಲ್ಲ, ಸಾವಿರಾರು ಮಂದಿಗೆ ಕೆಲಸ ಮತ್ತೆ ಸಿಗಲೇ ಇಲ್ಲ. ಲಾಲ್‌ಬಾಗ್, ಪರೇಲ್‌ಗಳ ಗಿರಣಗಾಂವ್ ನಿಧಾನಕ್ಕೆ ಮೌನವಾಯಿತು. ಫೀನಿಕ್ಸ್ ಮಿಲ್ ಇದ್ದ ಜಾಗದಲ್ಲಿ ಇವತ್ತು ಮಾಲ್ ಇದೆ. ಸೈರನ್ ಕೇಳಿ ಮನೆಯಿಂದ ಹೊರಡುತ್ತಿದ್ದವರ ಮಕ್ಕಳು ಅದೇ ಕಂಪೌಂಡಿನಲ್ಲಿ ಸೆಕ್ಯುರಿಟಿ ಸಮವಸ್ತ್ರ ಹಾಕಿ ನಿಂತಿರಬಹುದು. ಕಾಯಂ ನೌಕರಿ ಹೋಗಿ ಚಿಲ್ಲರೆ ನೌಕರಿ ಬಂತು. ಕಾಲ ಬದಲಾಯಿತು ಅಂದರೆ ಇದೇ.

ಈಗ ಜಯಂತ ಕಾಯ್ಕಿಣಿಯವರ ಕಥೆಗಳಿಗೆ ಬನ್ನಿ. 1955ರಲ್ಲಿ ಗೋಕರ್ಣದಲ್ಲಿ ಹುಟ್ಟಿ, ಧಾರವಾಡದಲ್ಲಿ ಜೀವರಸಾಯನ ಶಾಸ್ತ್ರ ಓದಿ, ಮುಂಬೈಯ ಔಷಧ ಉದ್ಯಮದಲ್ಲಿ ಕೆಮಿಸ್ಟ್ ಆಗಿ ಎರಡು ದಶಕಕ್ಕೂ ಹೆಚ್ಚು ದುಡಿದು, ಆಮೇಲೆ ಬೆಂಗಳೂರಿಗೆ ಬಂದವರು. ಬಹಳ ಜನಕ್ಕೆ ಅವರು 2006ರ 'ಮುಂಗಾರು ಮಳೆ' ಹಾಡುಗಳಿಂದ ಗೊತ್ತು. ಆದರೆ ಅವರ ದೊಡ್ಡ ಕೆಲಸ ಮುಂಬೈ ಕಥೆಗಳು. ತೇಜಸ್ವಿನಿ ನಿರಂಜನ ಅವುಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದ 'ನೋ ಪ್ರೆಸೆಂಟ್ಸ್ ಪ್ಲೀಸ್' ಸಂಕಲನಕ್ಕೆ 2018ನೇ ಸಾಲಿನ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂತು. ಅನುವಾದಿತ ಕೃತಿಯೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಈ ಕಥೆಗಳನ್ನು ಓದುವಾಗ ಒಂದು ಸಣ್ಣ ಕೆಲಸ ಮಾಡಿ. ಪ್ರತಿ ಪಾತ್ರದ ಹೆಸರಿನ ಪಕ್ಕ ಅವರ ಉದ್ಯೋಗ ಬರೆದುಕೊಳ್ಳಿ. ಸಿನಿಮಾ ಟಾಕೀಸಿನ ಕಸ ಗುಡಿಸುವವನು, ಫೋಟೋಗೆ ಕಟ್ಟು ಹಾಕುವವನು, ಸಿನಿಮಾದ ಸ್ಟಂಟ್ ಆಳು, ಬಸ್ ಚಾಲಕ, ಟ್ಯಾಕ್ಸಿ ಚಾಲಕ. ಇವರಲ್ಲಿ ಹೆಚ್ಚಿನವರಿಗೆ ಯೂನಿಯನ್ ಇಲ್ಲ, ಪಿಂಚಣಿ ಇಲ್ಲ. ಬಲ್ಲಾಳರ ಕಾರ್ಮಿಕರು ಗುಂಪಾಗಿ ನಿಂತಿದ್ದರು, ಕಾಯ್ಕಿಣಿಯವರ ಜನ ಒಬ್ಬೊಬ್ಬರೇ ನಿಂತಿದ್ದಾರೆ. 'ಶಿಕಾರಿ', 'ಬಂಡಾಯ', ಆಮೇಲೆ ಈ ಕಥೆಗಳು, ಹೀಗೆ ಸಾಲಾಗಿ ಓದಿದರೆ ಮುಂಬೈಯಲ್ಲಿ ದುಡಿಮೆ ಹೇಗೆ ಬದಲಾಯಿತು ಎಂಬ ಚರಿತ್ರೆಯೇ ಸಿಗುತ್ತದೆ. ಮೂವರೂ ಮಾತಾಡಿಕೊಂಡು ಬರೆದದ್ದಲ್ಲ. ತಮ್ಮ ಕಣ್ಣೆದುರಿನ ಕೆಲಸವನ್ನು ಬಿಡದೆ ಬರೆದದ್ದರಿಂದ ಹಾಗಾಯಿತು.

'ಒಪೆರಾ ಹೌಸ್' ಕಥೆಯನ್ನೇ ತೆಗೆದುಕೊಳ್ಳಿ. ಇಂದ್ರನೀಲ ಟಾಕೀಸಿನಲ್ಲಿ ಕಸ ಗುಡಿಸುತ್ತಾನೆ. ಪ್ರೇಕ್ಷಕರು ಬಿಟ್ಟುಹೋದ ವಸ್ತುಗಳು ಅವನಿಗೆ ಸಿಗುತ್ತವೆ. ಒಮ್ಮೆ ಒಂದು ಥರ್ಮಾಸ್ ಫ್ಲಾಸ್ಕು ಸಿಗುತ್ತದೆ. ಅದು ಯಾರದ್ದು, ಯಾರಿಗಾಗಿ ತಂದದ್ದು ಎಂಬ ಚಿಂತೆ ಅವನನ್ನು ಬಿಡುವುದಿಲ್ಲ. ಚರ್ನಿ ರೋಡ್ ಬಳಿಯ ನಿಜವಾದ ರಾಯಲ್ ಒಪೆರಾ ಹೌಸ್ 1911ರಲ್ಲಿ ಉದ್ಘಾಟನೆಯಾಯಿತು, ಮುಂದೆ ಸಿನಿಮಾ ಮಂದಿರವಾಯಿತು, 1993ರಲ್ಲಿ ಮುಚ್ಚಿತು, ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಪಾರಂಪರಿಕ ಕಟ್ಟಡ ಉಳಿಯಿತು ಅಂತ ಎಲ್ಲರೂ ಸಂತೋಷಪಟ್ಟರು. ಅದು ಸರಿಯೇ. ಆದರೆ ಟಾಕೀಸು ಮುಚ್ಚಿದಾಗ ಅಲ್ಲಿ ಗುಡಿಸುತ್ತಿದ್ದವರು, ಟಾರ್ಚ್ ಹಿಡಿದು ಸೀಟು ತೋರಿಸುತ್ತಿದ್ದವರು ಎಲ್ಲಿ ಹೋದರು? ಕಟ್ಟಡದ ಚರಿತ್ರೆಯಲ್ಲಿ ಅವರ ಹೆಸರು ಬರುವುದಿಲ್ಲ. ಕಥೆಯಲ್ಲಿ ಬರುತ್ತದೆ.

'ನೋ ಪ್ರೆಸೆಂಟ್ಸ್ ಪ್ಲೀಸ್' ಎಂಬ ಕಥೆ ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. ಅನಾಥರಾಗಿ ಬೆಳೆದ ಹುಡುಗ-ಹುಡುಗಿ ಮದುವೆ ಕಾರ್ಡು ಬರೆಯಲು ಕೂರುತ್ತಾರೆ. ಹೆಸರು ಬರೆಯುವಾಗಲೇ ತೊಡಕು ಶುರು. ಅಡ್ಡಹೆಸರು ಏನು ಹಾಕಬೇಕು? ಅಡ್ಡಹೆಸರು ಹಾಕಿದರೆ ಜಾತಿ ಬರುತ್ತದೆ, ಹಾಕದಿದ್ದರೆ ಜನ ಕೇಳುತ್ತಾರೆ. ಮುಂಬೈಯಲ್ಲಿ ಯಾರೂ ಯಾರ ಜಾತಿ-ಧರ್ಮ ಕೇಳುವುದಿಲ್ಲ ಅಂತ ನೆನಪಿನ ಬರಹಗಳು ಹೇಳುತ್ತವೆ. ಲೋಕಲ್ ಟ್ರೇನಿನೊಳಗೆ ಅದು ನಿಜ. ಬಾಡಿಗೆ ಮನೆ ಹುಡುಕುವಾಗ ನಿಜವೋ ಎಂಬುದನ್ನು ನಮ್ಮ ಹೆಸರುಗಳನ್ನು ಹೊತ್ತು ಏಜೆಂಟರ ಬಾಗಿಲಿಗೆ ಹೋದವರನ್ನು ಕೇಳಿ. ಈ ಕಥೆ ಅದನ್ನು ಭಾಷಣ ಮಾಡದೆ, ಒಂದು ಕಾರ್ಡಿನ ಮೇಲೆ ತೋರಿಸುತ್ತದೆ.

ಇಷ್ಟು ಮೆಚ್ಚಿಕೊಂಡ ಮೇಲೆ ಒಂದು ತಕರಾರು. ಕಾಯ್ಕಿಣಿಯವರು ಅಂಕಣ ಬರಹಗಳನ್ನೂ ಬರೆದಿದ್ದಾರೆ. 'ಬೊಗಸೆಯಲ್ಲಿ ಮಳೆ' ಎಷ್ಟೋ ಮನೆಗಳಲ್ಲಿದೆ. ಅಲ್ಲಿಯ ಗದ್ಯ ಆರ್ದ್ರ, ಪ್ರೀತಿ ತುಂಬಿದ್ದು. ಆದರೆ ಕಥೆಯಲ್ಲಿ ಪಾತ್ರದ ಜೊತೆ ಹದಿನೈದು ಪುಟ ನಡೆಯುವ ಲೇಖಕ ಅಂಕಣದಲ್ಲಿ ಎರಡು ಪುಟಕ್ಕೇ ಬೆಳಕು ಹಚ್ಚಬೇಕಾಗುತ್ತದೆ. ಬಡವನ ಒಂದು ನಗು, ಅಪರಿಚಿತನ ಒಂದು ಕರುಣೆ, ಅಷ್ಟಕ್ಕೆ ಓದುಗನ ಕಣ್ಣು ತೇವವಾಗುತ್ತದೆ. ಅವನಿಗೆ ದಿನಕ್ಕೆ ಎಷ್ಟು ಸಿಗುತ್ತಿತ್ತು, ಕೊಡುವವನು ಯಾರು ಎಂಬ ಪ್ರಶ್ನೆ ಆ ತೇವದಲ್ಲಿ ಕರಗಿಹೋಗುವ ಅಪಾಯ ಇದೆ. ತಪ್ಪು ಲೇಖಕರದ್ದು ಮಾತ್ರ ಅಲ್ಲ, ನಮ್ಮ ಓದಿನದ್ದೂ ಹೌದು. ನಾವು ಆ ಸಾಲುಗಳನ್ನು ಮೊಬೈಲಿನಲ್ಲಿ ಸ್ಟೇಟಸ್ ಹಾಕಿ ಮುಂದೆ ಹೋಗುತ್ತೇವೆ, ಕಥೆಗಳನ್ನು ಪೂರ್ತಿ ಓದುವುದಿಲ್ಲ. ಹಾಗಾಗಿ ಅಂಕಣ ಓದಿದವರು ಅಲ್ಲಿಗೇ ನಿಲ್ಲಬೇಡಿ, 'ದಗಡೂ ಪರಬನ ಅಶ್ವಮೇಧ'ಕ್ಕೆ, 'ತೂಫಾನ್ ಮೇಲ್'ಗೆ ಹೋಗಿ.

ಇಲ್ಲಿ ನನಗೆ ಸಾದತ್ ಹಸನ್ ಮಂಟೋ ನೆನಪಾಗುತ್ತಾರೆ. ಮಂಟೋ ಲಾಹೋರಿನಲ್ಲಿ ತೀರಿಕೊಂಡದ್ದು 1955ರ ಜನವರಿ 18. ಕಾಯ್ಕಿಣಿ ಹುಟ್ಟಿದ್ದು ಆರು ದಿನ ಕಳೆದು, ಜನವರಿ 24. ಇದು ಕಾಕತಾಳೀಯ ಅಷ್ಟೆ, ಆದರೆ ಎರಡೂ ಭಾಷೆ ಓದುವವರಿಗೆ ಈ ದಿನಾಂಕಗಳು ಸುಮ್ಮನೆ ಮನಸ್ಸಿನಲ್ಲಿ ಉಳಿಯುತ್ತವೆ. ಮಂಟೋ ಬಾಂಬೆಯಲ್ಲಿ ಸಿನಿಮಾ ಪತ್ರಿಕೆಯಲ್ಲಿ ದುಡಿದರು, ಸ್ಟುಡಿಯೋಗಳಿಗೆ ಕಥೆ-ಸಂಭಾಷಣೆ ಬರೆದರು. ದೇಶ ಒಡೆದ ಮೇಲೆ 1948ರ ಜನವರಿಯಲ್ಲಿ ಆ ನಗರ ಬಿಟ್ಟರು, ಮತ್ತೆ ಬರಲಾಗಲಿಲ್ಲ. ಲಾಹೋರಿನಲ್ಲಿ ಕೂತು ಬಾಂಬೆಯ ಸಿನಿಮಾ ಜನರ ಬಗ್ಗೆ ಬರೆದ ವ್ಯಕ್ತಿಚಿತ್ರಗಳು 'ಗಂಜೇ ಫರಿಶ್ತೇ' ಎಂಬ ಪುಸ್ತಕವಾದವು. ಬೋಳುತಲೆಯ ದೇವದೂತರು ಅಂತ ಅರ್ಥ. ಹೆಸರಲ್ಲೇ ನೋಡಿ, ದೇವದೂತರು ಅಂತ ಕರೆಯುತ್ತಾರೆ, ಕೂದಲು ಮಾತ್ರ ಬೋಳಿಸಿಬಿಡುತ್ತಾರೆ!

ಮಂಟೋಗಿಂತ ಹೆಚ್ಚಾಗಿ ಬಾಂಬೆಯನ್ನು ಹಂಬಲಿಸಿದ ಲೇಖಕರು ಕಡಿಮೆ. ಕಳೆದುಕೊಂಡದ್ದು ಮತ್ತೆ ಸಿಗದು ಎಂಬುದು ಅವರಿಗೆ ಗೊತ್ತಿತ್ತು. ಹಾಗಿದ್ದೂ ಅವರು ನಗರಕ್ಕೆ ಸಕ್ಕರೆ ಬೆರೆಸಲಿಲ್ಲ. ತಮ್ಮ ಮದುವೆಯ ಬಗ್ಗೆ ಬರೆದ ಪ್ರಬಂಧದಲ್ಲೂ ಸಂಬಳ, ಬಾಕಿ, ಖೋಲಿಯ ಬಾಡಿಗೆ ಎಲ್ಲದರ ಲೆಕ್ಕ ಬರುತ್ತದೆ. ಮದುವೆ ಖರ್ಚಿಗೆ ಹಣ ಇಲ್ಲದ ವರನ ಕಷ್ಟ ಓದುತ್ತ ನಾವು ನಗುತ್ತೇವೆ, ಆ ನಗುವಿನಲ್ಲೇ ಸ್ಟುಡಿಯೋಗಳು ಬರಹಗಾರರನ್ನು ಹೇಗೆ ನಡೆಸಿಕೊಳ್ಳುತ್ತಿದ್ದವು ಎಂಬುದೂ ತಿಳಿದುಬಿಡುತ್ತದೆ. ಹಂಬಲ ಮತ್ತು ಲೆಕ್ಕ ಎರಡೂ ಒಂದೇ ಪುಟದಲ್ಲಿ ಇರಬಹುದು ಎಂಬುದಕ್ಕೆ ಇದೇ ಸಾಕ್ಷಿ.

ನಾಲ್ವರೂ ಬೇರೆ ಬೇರೆ ಜಾಗದಲ್ಲಿ ನಿಂತು ಮುಂಬೈ ನೋಡಿದವರು. ಚಿತ್ತಾಲರು ಅಲ್ಲೇ ಉಳಿದು ಊರನ್ನು ನೋಡಿದರು. ಬಲ್ಲಾಳರು ಕಾರ್ಮಿಕರ ಗುಂಪಿನ ಕಡೆ ನೋಡಿದರು. ಕಾಯ್ಕಿಣಿಯವರು ಬೆಂಗಳೂರಿಗೆ ಬಂದ ಮೇಲೂ ಆ ನಗರವನ್ನು ಬರೆದರು, ಮಂಟೋ ಗಡಿಯಾಚೆಯಿಂದ ಬರೆದರು. ಎಲ್ಲಿ ನಿಂತು ನೋಡಿದರು ಎಂಬುದು ಬರಹದ ಬಣ್ಣ ತೀರ್ಮಾನಿಸುತ್ತದೆ. ಕೆಲಸದ ವಿವರ ಉಳಿಸಿಕೊಂಡರೋ ಇಲ್ಲವೋ ಎಂಬುದು ಬರಹ ನಿಲ್ಲುತ್ತದೆಯೋ ಇಲ್ಲವೋ ಅಂತ ತೀರ್ಮಾನಿಸುತ್ತದೆ.

ವಿಮರ್ಶೆ ಬರೆಯುವ ವಿದ್ಯಾರ್ಥಿಗಳಿಗೆ ಒಂದು ಮಾತು. ಇನ್ನು ಮುಂದೆ ಯಾವುದೇ ಆತ್ಮಕಥೆ, ಅಂಕಣ, ನೆನಪಿನ ಪುಸ್ತಕ ಕೈಗೆ ಬಂದರೆ ಭಾಷೆ ಚೆನ್ನಾಗಿದೆಯೋ ಅಂತ ನೋಡುವ ಮೊದಲು ಮೂರು ಪ್ರಶ್ನೆ ಕೇಳಿ. ಈ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಏನು ಕೆಲಸ ಮಾಡುತ್ತಿದ್ದ? ಪಕ್ಕದಲ್ಲಿ ಯಾರು ದುಡಿಯುತ್ತಿದ್ದರು, ಅವರ ಹೆಸರು ಪುಸ್ತಕದಲ್ಲಿದೆಯೇ? ಆ ಕೆಲಸ ಈಗ ಇದೆಯೇ, ಇಲ್ಲದಿದ್ದರೆ ಯಾವಾಗ ಹೋಯಿತು? ಉತ್ತರ ಸಿಕ್ಕರೆ ಆ ಪುಸ್ತಕ ನೆನಪಿನ ಜೊತೆಗೆ ಚರಿತ್ರೆಯೂ ಆಗಿದೆ.

ಇನ್ನೊಂದು ಮಾತು ನಮ್ಮ ಸಮುದಾಯಕ್ಕೆ. ನಾಲ್ವರಲ್ಲಿ ಒಬ್ಬರು ತಂತ್ರಜ್ಞ, ಒಬ್ಬರು ಕೆಮಿಸ್ಟ್, ಒಬ್ಬರು ಆಫೀಸು ನೌಕರ, ಒಬ್ಬರು ಸಿನಿಮಾ ಬರಹಗಾರ. ಎಲ್ಲರೂ ಪೆನ್ನು ಹಿಡಿಯುವ ಕೆಲಸದವರೇ. ಬೇಕರಿಯ ಭಟ್ಟಿಯ ಮುಂದೆ ನಿಂತವರು, ಡೋಂಗ್ರಿ, ಭೇಂಡಿ ಬಜಾರುಗಳ ಅಂಗಡಿಗಳಲ್ಲಿ ಗಂಟು ಕಟ್ಟಿದವರು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದವರು, ಕುರ್ಲಾ-ಗೋವಂಡಿಯ ಮನೆಗಳಲ್ಲಿ ಕೂತು ಬಟ್ಟೆಗೆ ಜರಿ ಕೆಲಸ ಮಾಡಿದ ಹೆಂಗಸರು, ಇವರ ದಶಕಗಳು ನಮ್ಮ ಭಾಷೆಯಲ್ಲಿ ಸಾಕಷ್ಟು ದಾಖಲಾಗಿಲ್ಲ. ಅವರಿಗೆ ಬರೆಯಲು ಬರದಿರಬಹುದು, ಹೇಳಲು ಖಂಡಿತ ಬರುತ್ತದೆ. ಕೂತು ಕೇಳಬೇಕಾದವರು ನೀವು. ಮಳೆಯ ಬಗ್ಗೆ, ಸಮುದ್ರದ ಬಗ್ಗೆ ಅವರಾಗಿಯೇ ಹೇಳುತ್ತಾರೆ, ಅದನ್ನು ಕೇಳಬೇಕಾಗಿಲ್ಲ. ನೀವು ಸಂಬಳ ಕೇಳಿ, ಜೊತೆಗೆ ದುಡಿದವರ ಹೆಸರು ಕೇಳಿ, ಬಿಟ್ಟು ಬಂದ ವರ್ಷ ಕೇಳಿ. ಬರೆದಿಟ್ಟುಕೊಳ್ಳಿ.