ಕಿಂಡಿಯ ಕೃಷ್ಣ, ಬೆಟ್ಟದ ಪರಶುರಾಮ

ಹಿಂದೂ ದೇವರುಗಳ ಮೂರ್ತಿ, ಚಿತ್ರ, ವೇಷಗಳ ಸೌಂದರ್ಯದ ಬಗ್ಗೆ ಮುಸ್ಲಿಮನೊಬ್ಬ ಬರೆಯಬಹುದೇ? ಈ ಪ್ರಶ್ನೆಯನ್ನು ಎರಡೂ ಕಡೆಯವರು ಕೇಳುತ್ತಾರೆ. ಒಂದು ಕಡೆಯವರಿಗೆ ಅದು ಅಧಿಕಪ್ರಸಂಗ, ಇನ್ನೊಂದು ಕಡೆಯವರಿಗೆ ಅನಗತ್ಯ ಉಸಾಬರಿ. ಆದರೆ ಉಡುಪಿ ಜಿಲ್ಲೆಯಲ್ಲಿ ಬದುಕುವವನ ಕಣ್ಣಿಗೆ ಈ ರೂಪಗಳು ಬೀಳದೆ ಇರುವುದಿಲ್ಲ. ಬಸ್ಸಿನ ಹಿಂಗಾಜು, ಅಷ್ಟಮಿಯ ಹುಲಿವೇಷ, ರಾತ್ರಿಯ ಯಕ್ಷಗಾನ, ಹೆದ್ದಾರಿಯ ಬ್ಯಾನರು, ಎಲ್ಲ ಕಡೆಯೂ ಅವು ಇವೆ. ಇತ್ತೀಚಿನ ಕೆಲವು ರೂಪಗಳಂತೂ ನಮ್ಮನ್ನೇ ಉದ್ದೇಶಿಸಿ ಮಾಡಿದಂತಿವೆ. ತನ್ನ ವಿಳಾಸಕ್ಕೆ ಬಂದ ಕಾಗದವನ್ನು ಓದುವ ಹಕ್ಕು ವಿಳಾಸದಾರನಿಗೆ ಇದ್ದೇ ಇದೆಯಲ್ಲ.

ಉಡುಪಿಯಿಂದಲೇ ಆರಂಭಿಸೋಣ. ಇಲ್ಲಿನ ಕೃಷ್ಣ ಒಬ್ಬ ಸಣ್ಣ ಹುಡುಗ. ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ. ಚಕ್ರವಿಲ್ಲ, ಗದೆಯಿಲ್ಲ. ಇವನನ್ನು ಒಂಬತ್ತು ತೂತುಗಳ ಬೆಳ್ಳಿಯ ಕಿಂಡಿಯಿಂದ ನೋಡಬೇಕು. ಹೊರಗಿನ ಗೋಡೆಯಲ್ಲಿ ಕನಕನ ಕಿಂಡಿಯಿದೆ. ಕನಕದಾಸರ ಕಥೆಯಲ್ಲಿ ದೇವರು ತಿರುಗಿದ್ದು, ಗೋಡೆ ಒಡೆದದ್ದು ಎಷ್ಟು ಚರಿತ್ರೆ, ಎಷ್ಟು ಐತಿಹ್ಯ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಕಿಂಡಿಗೆ ಒಂದು ಸೌಂದರ್ಯಶಾಸ್ತ್ರವಿದೆ ಎಂಬುದಷ್ಟೇ ನನಗೆ ಮುಖ್ಯ. ಕಿಂಡಿಯಲ್ಲಿ ನೋಡುವವನು ಬಗ್ಗಬೇಕು, ಕಣ್ಣು ಕಿರಿದು ಮಾಡಬೇಕು, ಹಿಂದಿನವನಿಗೆ ಜಾಗ ಬಿಡಬೇಕು. ದೇವರು ಚಿಕ್ಕವನು, ನೋಟ ಇಕ್ಕಟ್ಟಿನದು. ಆದರೂ ಅಥವಾ ಅದರಿಂದಲೇ ಮನಸ್ಸು ಮೃದುವಾಗುತ್ತದೆ. ಆ ಕನಕನ ಕಿಂಡಿಗೆ 2025ರ ನವೆಂಬರ್ 28ರಂದು ಪ್ರಧಾನಿಯವರು ಚಿನ್ನದ ಕವಚ ಸಮರ್ಪಿಸಿದರು. ಗೋಡೆ ಬಿರುಕು ಬಿಟ್ಟದ್ದರಲ್ಲೇ ಅಂದ ಕಂಡವರಿಗೆ ಬಿರುಕಿನ ಸುತ್ತಲಿನ ಚಿನ್ನ ಏನು ಹೇಳುತ್ತದೋ ಗೊತ್ತಿಲ್ಲ.

ಉರ್ದು ಓದಿದವರಿಗೆ ಈ ಬಾಲಕೃಷ್ಣ ಅಪರಿಚಿತನಲ್ಲ. ನಝೀರ್ ಅಕ್ಬರಾಬಾದಿ ಕನ್ಹಯ್ಯನ ಬಾಲಲೀಲೆಯ ಮೇಲೆ ಬರೆದ ಪದ್ಯ ಪ್ರಸಿದ್ಧವಾದದ್ದು. ಮೌಲಾನಾ ಹಸ್ರತ್ ಮೊಹಾನಿಯವರೂ ಕೃಷ್ಣನ ಮೇಲೆ ಬರೆದರು. ಸೂಫಿಗಳು ದೇವರ ಗುಣಗಳನ್ನು ಜಲಾಲ್ ಮತ್ತು ಜಮಾಲ್ ಎಂದು ಎರಡಾಗಿ ಹೇಳುತ್ತಾರೆ. ಜಲಾಲ್ ಎಂದರೆ ನಡುಗಿಸುವ ಘನತೆ, ಜಮಾಲ್ ಎಂದರೆ ಕರೆದುಕೊಳ್ಳುವ ಚೆಲುವು. ಎರಡೂ ಒಂದೇ ಮೂಲದ್ದು, ಒಂದಿಲ್ಲದೆ ಇನ್ನೊಂದಿಲ್ಲ. ಉಡುಪಿಯ ಕೃಷ್ಣ ಪೂರ್ತಿ ಜಮಾಲ್. ನಮ್ಮ ಕಾಲದಲ್ಲಿ ಈ ಜಮಾಲ್ ಜಲಾಲಿಗೆ ಸೋತದ್ದು ಹೇಗೆ, ಸೋತಾಗ ನೋಡುವವರ ಮನಸ್ಸಿನಲ್ಲಿ ಏನಾಯಿತು ಎಂಬುದು ಈ ಲೇಖನದ ವಿಷಯ.

ಇದು ಇಂದು ನಿನ್ನೆಯ ಕಥೆಯಲ್ಲ. ಬಂಕಿಮಚಂದ್ರರು 1886ರಲ್ಲಿ ಪ್ರಕಟಿಸಿದ 'ಕೃಷ್ಣಚರಿತ್ರ'ದಲ್ಲಿ ಬೆಣ್ಣೆ ಕದಿಯುವ, ಕೊಳಲೂದುವ ಕೃಷ್ಣನನ್ನು ಹಿಂದೆ ಸರಿಸಿ ರಾಜಕಾರಣಿ ಕೃಷ್ಣನನ್ನು ಮುಂದೆ ತಂದರು. ಆಶಿಸ್ ನಂದಿಯವರು 1983ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಇದನ್ನು ಗಾಯಗೊಂಡ ಮನಸ್ಸಿನ ಕೆಲಸವೆಂದು ಓದುತ್ತಾರೆ. ಆಳುವ ಬಿಳಿಯ ನಮ್ಮನ್ನು ಹೆಣ್ಣಿಗರೆಂದು ಹೀಯಾಳಿಸುತ್ತಾನೆ. ಆಗ ನಾವು ನಮ್ಮ ದೇವರಿಗೇ ಮೀಸೆ ಬರೆಯುತ್ತೇವೆ. ಹೀಯಾಳಿಸಿದವನು ಹೊರಟುಹೋದರೂ ಮೀಸೆ ಉಳಿಯುತ್ತದೆ.

1985ರಲ್ಲಿ ಇದೇ ಉಡುಪಿಯಲ್ಲಿ ವಿಶ್ವ ಹಿಂದೂ ಪರಿಷತ್ತಿನ ಧರ್ಮಸಂಸತ್ತು ಸೇರಿ ಅಯೋಧ್ಯೆಯ ಬೀಗ ತೆಗೆಯಬೇಕೆಂದು ಒತ್ತಾಯಿಸಿತು. 1986ರ ಫೆಬ್ರವರಿ 1ರಂದು ಬೀಗ ತೆಗೆಯಲಾಯಿತು. ಆ ಬೀಗದ ಹಿಂದೆ ಇದ್ದದ್ದು ರಾಮಲಲ್ಲಾ, ಅಂದರೆ ಕೂಸು ರಾಮ. ಆದರೆ ಊರೂರಿನ ಗೋಡೆಗಳಿಗೆ ಬಂದ ಚಿತ್ರ ಕೂಸಿನದಾಗಿರಲಿಲ್ಲ, ಬಿಲ್ಲೆಳೆದು ನಿಂತ ಯೋಧನದಾಗಿತ್ತು. ಸೀತೆಯೂ ಲಕ್ಷ್ಮಣನೂ ಇಲ್ಲದ ಒಂಟಿ ರಾಮ. ರಂಗನಿರ್ದೇಶಕಿ ಅನುರಾಧಾ ಕಪೂರ್ 1990ರ ದಶಕದಲ್ಲೇ ಈ ಪಲ್ಲಟವನ್ನು ಗುರುತಿಸಿ ಬರೆದಿದ್ದರು. 2024ರ ಜನವರಿಯಲ್ಲಿ ಪ್ರತಿಷ್ಠೆಯಾದದ್ದು ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ 51 ಅಂಗುಲದ ಬಾಲರಾಮ. ಅದರ ಮುಖದ ನಗು ನಿಜಕ್ಕೂ ಮಗುವಿನದು, ಶಿಲ್ಪಿಯನ್ನು ಮೆಚ್ಚಲೇಬೇಕು. ಆದರೆ ಮಗುವಿನ ಕೈಗೆ ಬಿಲ್ಲು ಬಾಣ ಬಂದಿವೆ.

ಮನುಷ್ಯರು ಚಿತ್ರಗಳಷ್ಟು ಸರಳವಾಗಿರುವುದಿಲ್ಲ. ಅಯೋಧ್ಯಾ ಚಳವಳಿಯ ಮುಂಚೂಣಿಯಲ್ಲಿದ್ದ ಪೇಜಾವರದ ವಿಶ್ವೇಶತೀರ್ಥರೇ 2017ರ ರಮಝಾನಿನಲ್ಲಿ ಕೃಷ್ಣಮಠದೊಳಗೆ ಇಫ್ತಾರ್ ಏರ್ಪಡಿಸಿದರು. ಅದಕ್ಕೆ ಪ್ರತಿಭಟನೆಯನ್ನೂ ಎದುರಿಸಿದರು.

ಇನ್ನು ಆ ಹಿಂಗಾಜಿನ ಹನುಮಂತ. ಇದನ್ನು ಬರೆದವರು ನಮ್ಮ ಕಾಸರಗೋಡಿನ ಕುಂಬಳೆಯ ಕಲಾವಿದ ಕರಣ್ ಆಚಾರ್ಯ. 2015ರಲ್ಲಿ ಊರ ಹುಡುಗರು ಗಣೇಶೋತ್ಸವದ ಧ್ವಜಕ್ಕೆಂದು ಕೇಳಿದಾಗ ಬರೆದುಕೊಟ್ಟ ಚಿತ್ರ. ಕೇಸರಿ ಮತ್ತು ಕಪ್ಪು, ಬರೀ ಮುಖ, ಗಂಟಿಕ್ಕಿದ ಹುಬ್ಬು. ದೇಶವಿಡೀ ಹರಡಿತು. 2018ರ ಚುನಾವಣೆಯ ಹೊತ್ತಿಗೆ ಮಂಗಳೂರಿನ ಸಭೆಯಲ್ಲಿ ಪ್ರಧಾನಿಯವರೇ ಹೊಗಳಿದರು. ತಾನು ಬರೆದದ್ದು ಸಿಟ್ಟಲ್ಲ, ಗತ್ತು ಎಂಬರ್ಥದಲ್ಲಿ ಕಲಾವಿದರು ಹೇಳಿದ್ದಾರೆ. ನಾನು ನಂಬುತ್ತೇನೆ. ಆದರೆ ಚಿತ್ರ ಕಲಾವಿದನ ಮಾತು ಕೇಳುವುದಿಲ್ಲ. ಮಾಧ್ವರ ನಾಡಿನಲ್ಲಿ ಹನುಮಂತ ಮುಖ್ಯಪ್ರಾಣ. ಅವನ ಬಲಕ್ಕೆ ಅರ್ಥ ಬರುವುದು ಎದುರಿಗೆ ರಾಮನಿದ್ದಾನೆ, ತಾನು ದಾಸ ಎಂಬುದರಿಂದ. ಸ್ಟಿಕ್ಕರಿನಲ್ಲಿ ರಾಮನಿಲ್ಲ, ಮುಗಿದ ಕೈಗಳೂ ಇಲ್ಲ. ಹಾಗಾದರೆ ಆ ಹುಬ್ಬು ಯಾರಿಗಾಗಿ ಗಂಟಿಕ್ಕಿದೆ? ಟ್ರಾಫಿಕ್ಕಿನಲ್ಲಿ ಹಿಂದೆ ನಿಂತವನಿಗೆ! ಸಾಲ ಮಾಡಿ ಕಾರು ಕೊಂಡ, ಕೆಲಸದ ಭದ್ರತೆಯಿಲ್ಲದ, ಮನೆಯಲ್ಲೂ ಆಫೀಸಿನಲ್ಲೂ ದನಿಯೆತ್ತಲಾಗದ ಹುಡುಗನಿಗೆ ಈ ಮುಖ ಕೊಡುವ ಸಮಾಧಾನ ಸಣ್ಣದಲ್ಲ. ಅವನನ್ನು ಗೇಲಿ ಮಾಡುವುದರಿಂದ ಏನೂ ತಿಳಿಯುವುದಿಲ್ಲ. ಅವನ ಸಿಟ್ಟು ನಿಜ, ವಿಳಾಸ ಮಾತ್ರ ಬೇರೆ ಯಾರೋ ಬರೆದದ್ದು.

ಹಾಗೆಂದು ಕರಾವಳಿಗೆ ರೌದ್ರವೇ ಹೊಸದು ಎನ್ನುವಂತಿಲ್ಲ. ಕಾರ್ಕಳಕ್ಕೆ ಬನ್ನಿ. 1432ರಲ್ಲಿ ಭೈರರಸ ವೀರಪಾಂಡ್ಯ ನಿಲ್ಲಿಸಿದ ಸುಮಾರು 42 ಅಡಿಯ ಗೊಮ್ಮಟ ಅಲ್ಲಿದ್ದಾನೆ. ಅಷ್ಟು ದೊಡ್ಡ ದೇಹ, ಕೈಯಲ್ಲಿ ಏನೂ ಇಲ್ಲ. ಗೆದ್ದು ಬಿಟ್ಟುಕೊಟ್ಟವನ ಎತ್ತರ ಅದು. ಆದರೆ ತುಳುವಿನ ಪಾಡ್ದನ ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಇಂಥ ಮೂರ್ತಿಯನ್ನು ಇನ್ನೊಬ್ಬರಿಗೆ ಮಾಡಿಕೊಡಬಾರದೆಂದು ಅರಸ ಶಿಲ್ಪಿ ಬೀರ ಕಲ್ಕುಡನ ಕೈಕಾಲು ಕಡಿಸಿದ, ಕಲ್ಕುಡ ಮತ್ತು ತಂಗಿ ಕಲ್ಲುರ್ಟಿ ದೈವಗಳಾಗಿ ಅರಸನನ್ನು ಕಾಡಿದರು ಎನ್ನುತ್ತದೆ. ಶಾಂತಿಯ ಮೂರ್ತಿಯ ಬುಡದಲ್ಲಿ ರಕ್ತವಿದೆ ಎಂದು ಹೇಳುವ ಧೈರ್ಯ ಓದುಬರಹವಿಲ್ಲದ ಜನರಿಗಿತ್ತು. ಸೌಂದರ್ಯ, ಅಧಿಕಾರ, ಮನಸ್ಸಿನ ಗಾಯ ಈ ಮೂರರ ಸಂಬಂಧವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಸಿದ್ಧಾಂತವನ್ನು ನಾನು ಓದಿಲ್ಲ.

ದೈವಗಳಲ್ಲಿ ಹಲವರು ಅನ್ಯಾಯಕ್ಕೆ ಒಳಗಾದವರೇ. ಕೋಟಿ ಚೆನ್ನಯರು ಬಲ್ಲಾಳನ ವಿರುದ್ಧ ನಿಂತವರು. ಕೊರಗರ ತನಿಯ ಸತ್ತು ಕೊರಗಜ್ಜನಾದ. ಮೊಗವೀರರ ಬೊಬ್ಬರ್ಯನಿಗೆ ಮುಸ್ಲಿಮ್ ಮೂಲವನ್ನು ಹೇಳುವ ಪಾಡ್ದನಗಳಿವೆ. ಕೋಲದಲ್ಲಿ ದೈವ ಅಬ್ಬರಿಸುವಾಗ ಗುತ್ತಿನ ಯಜಮಾನ ಕೈಕಟ್ಟಿ ನಿಲ್ಲುತ್ತಾನೆ. ಅಂದರೆ ಇಲ್ಲಿ ರೌದ್ರಕ್ಕೆ ಒಂದು ಕಾರಣವಿದೆ, ಕಥೆಯಿದೆ, ಮೇಲ್ಮುಖವಾದ ದಿಕ್ಕಿದೆ. ಬೆಳಗಾದ ಮೇಲೆ ಬಣ್ಣ ತೊಳೆಯಲಾಗುತ್ತದೆ. (ಬಣ್ಣ ತೊಳೆದ ನಲಿಕೆಯವನಿಗೆ, ಪಂಬದನಿಗೆ ಅದೇ ಯಜಮಾನ ಜಗಲಿಯಲ್ಲಿ ಜಾಗ ಕೊಡುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ಕೋಲವನ್ನು ಸಮಾನತೆಯ ಸ್ವರ್ಗವೆನ್ನುವವರು ಅರ್ಧ ರಾತ್ರಿ ಮಾತ್ರ ನೋಡಿದವರು.) 2022ರ 'ಕಾಂತಾರ' ಸಿನಿಮಾ ಈ ಅಬ್ಬರವನ್ನು ದೇಶಕ್ಕೆ ಕೇಳಿಸಿತು. ಆಮೇಲೆ ಥಿಯೇಟರಿನಲ್ಲಿ ದೈವದ ವೇಷ ಹಾಕಿ ಕೂಗುವವರು ಬಂದರು, ದೈವಾರಾಧಕರೇ ಅದಕ್ಕೆ ನೊಂದುಕೊಂಡರು. ಕಥೆಯಿಲ್ಲದೆ ಕೂಗು ಮಾತ್ರ ತೆಗೆದುಕೊಂಡರೆ ಆಗುವುದು ಇದೇ.

ಈಗ ಅದೇ ಕಾರ್ಕಳ ತಾಲೂಕಿನ ಬೈಲೂರಿನ ಉಮಿಕ್ಕಳ ಬೆಟ್ಟ. 2023ರ ಜನವರಿ 27ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 33 ಅಡಿಯ ಪರಶುರಾಮ ಮೂರ್ತಿಯನ್ನು ಅನಾವರಣ ಮಾಡಿದರು. ಮೇ ತಿಂಗಳಲ್ಲಿ ಚುನಾವಣೆ. ಅದಾದ ಮೇಲೆ ಮೂರ್ತಿ ಕಂಚಿನದಲ್ಲ ಎಂಬ ದೂರು ಬಂತು, ಅದೇ ವರ್ಷ ಅದರ ಮೇಲರ್ಧವನ್ನು ಕೆಳಗಿಳಿಸಲಾಯಿತು, ಶಿಲ್ಪಿಯ ಬಂಧನವೂ ಆಯಿತು. ಲೋಹದ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ನನ್ನ ಆಕ್ಷೇಪ ಲೋಹದ ಬಗ್ಗೆ ಅಲ್ಲ. ಅದು ಅಪ್ಪಟ ಕಂಚೇ ಆಗಿದ್ದರೂ ನನ್ನ ಮಾತು ಬದಲಾಗುತ್ತಿರಲಿಲ್ಲ. ಕರಾವಳಿಯ ಐತಿಹ್ಯದಲ್ಲಿ ಪರಶುರಾಮ ಕೊಡಲಿ ಎಸೆಯುತ್ತಾನೆ, ಕಡಲು ಹಿಂದೆ ಸರಿಯುತ್ತದೆ, ನೆಲ ಹುಟ್ಟುತ್ತದೆ. ಕೊಡಲಿ ಕೈಬಿಟ್ಟದ್ದರಿಂದಲೇ ನಾವೆಲ್ಲ ಇಲ್ಲಿದ್ದೇವೆ. ಕೊಡಲಿಯನ್ನು ಬಿಗಿಯಾಗಿ ಹಿಡಿದು ಬೆಟ್ಟದ ಮೇಲೆ ನಿಂತವನು ಬೇರೆಯೇ ಪರಶುರಾಮ. ಅವನನ್ನು ಕಿಂಡಿಯಲ್ಲಿ ಬಗ್ಗಿ ನೋಡಬೇಕಾಗಿಲ್ಲ, ಅವನೇ ನಮ್ಮನ್ನು ಮೇಲಿನಿಂದ ನೋಡುತ್ತಾನೆ. ಶಿಲ್ಪಿಗೆ ಕಷ್ಟ ತಂದ ಮೂರ್ತಿ ಕಾರ್ಕಳಕ್ಕೆ ಇದು ಎರಡನೆಯದು ಎಂದು ಹಳೆ ಪಾಡ್ದನ ಬಲ್ಲವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಬೀದರ ಕಡೆಯ ಕಮಠಾಣದ ನವಾಬ್ ಮಹಲೂ ಕರಾವಳಿಯ ಬ್ರಾಹ್ಮಣ ಮನೆಯೂ ಜಗಳವಿಲ್ಲದೆ ಅಕ್ಕಪಕ್ಕ ಇವೆ. ಅಪೂರ್ವ ಕೆಲಸ ಅದು. ಆದರೆ ಆ ಮನೆಗಳಲ್ಲಿ ಯಾರೂ ವಾಸವಿಲ್ಲ. ಅಲ್ಲಿಂದ ಅನತಿ ದೂರದಲ್ಲಿರುವ ಎಂಜಿಎಂ ಕಾಲೇಜು ತುಳು ಪಾಡ್ದನಗಳ ಸಂಗ್ರಹಕ್ಕೆ, ಸಿರಿ ಮಹಾಕಾವ್ಯದ ದಾಖಲೆಗೆ ನೆರವಾದ ಕೇಂದ್ರವಿರುವ ಜಾಗ. 2022ರ ಫೆಬ್ರವರಿ 8ರಂದು ಅದೇ ಅಂಗಳದಲ್ಲಿ ಕೇಸರಿ ಶಾಲು, ಪೇಟಗಳೂ ಹಿಜಾಬುಗಳೂ ಎದುರುಬದುರಾದವು. ಕೇಸರಿ ಬಿಟ್ಟವರ ಬಣ್ಣ, ಸನ್ಯಾಸಿಯದು. ಹತ್ತೊಂಬತ್ತು ವರ್ಷದ ಹುಡುಗನ ಹೆಗಲಲ್ಲಿ ಅದು ಸಮವಸ್ತ್ರವಾಯಿತು.

ನಮ್ಮವರ ಕಡೆಗೂ ಒಂದು ಮಾತು. ಕರಾವಳಿಯ ಹಳೆಯ ಮಸೀದಿಗಳಿಗೆ ಹೆಂಚಿನ ಇಳಿಮಾಡು, ಕೆತ್ತನೆಯ ಮರದ ಕಂಬಗಳಿದ್ದವು. ಮಂಗಳೂರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆಲಸ ಈಗಲೂ ನೋಡಬಹುದು. ಬಹಳ ಕಡೆ ಅವನ್ನು ಕೆಡವಿ ಗಾಜು, ಗ್ರಾನೈಟಿನ ಗುಮ್ಮಟ ಎತ್ತಿದೆವು. ಜಾಗ ಸಾಲದ್ದು ನಿಜ. ಪಕ್ಕದ ಗೋಪುರಕ್ಕಿಂತ ಎತ್ತರ ಕಾಣಬೇಕೆಂಬ ಆಸೆಯೂ ಅಷ್ಟೇ ನಿಜ. ಅಂಜಿದವನಿಗೆ ಎತ್ತರ ಬೇಕು, ಎರಡೂ ಕಡೆ.

ಕಾಪುವಿನ ಮಾರಿ ಎತ್ತರದ ದೇವತೆಯಲ್ಲ. ರೋಗದ, ಸುಗ್ಗಿಯ, ಸಂತೆಯ ದೇವತೆ. ಅವಳ ಅಂದ ಇರುವುದು ಶಂಕರಪುರ ಮಲ್ಲಿಗೆಯ ಅಟ್ಟೆಗಳಲ್ಲಿ, ಕೋಳಿ ಕೂಗಿನಲ್ಲಿ, ನಾಗಸ್ವರದಲ್ಲಿ, ಜನಜಂಗುಳಿಯಲ್ಲಿ. ಶಂಕರಪುರದಲ್ಲಿ ಕ್ರೈಸ್ತರ ಹಿತ್ತಿಲಲ್ಲೂ ಬಿರಿಯುವ ಆ ಮಲ್ಲಿಗೆ ನಮ್ಮ ಮದುಮಗಳ ಜಡೆಗೂ ಬೇಕು. ನಾಗಸ್ವರವನ್ನು ತಲೆಮಾರುಗಳಿಂದ ನುಡಿಸಿಕೊಂಡು ಬಂದದ್ದು ಸಾಹೇಬರ ಒಂದು ಕುಟುಂಬ. 2022ರ ಮಾರ್ಚಿನ ಸುಗ್ಗಿ ಮಾರಿಪೂಜೆಯಲ್ಲಿ ಹೊಸ ಮಾರಿಗುಡಿಯ ಬಳಿ ಮುಸ್ಲಿಮರಿಗೆ ಅಂಗಡಿ ಹಾಕಲು ಜಾಗ ಕೊಡಲಿಲ್ಲ. ಹಿಜಾಬ್ ತೀರ್ಪಿನ ವಿರುದ್ಧ ಮುಸ್ಲಿಮರು ಬಂದ್ ಮಾಡಿದರೆಂಬುದು ಕಾರಣ, 2002ರ ನಿಯಮವೊಂದು ಆಧಾರ. ನಿಯಮದ ಅರ್ಥವನ್ನು ವಕೀಲರು ಹೇಳಲಿ. ಇದನ್ನು ವ್ಯಾಪಾರದ ನಷ್ಟವೆಂದಷ್ಟೇ ಎಲ್ಲರೂ ಬರೆದರು. ನಷ್ಟವಾದದ್ದು ಜಾತ್ರೆಯ ರೂಪಕ್ಕೂ ಹೌದು. ಬಳೆ, ಆಟಿಕೆ, ಕಲ್ಲಂಗಡಿ ಮಾರುವವನ ಕೂಗು ಪೂಜೆಯ ಹೊರಗಿನದಲ್ಲ, ಮಾರಿಯ ಅಲಂಕಾರದ ಭಾಗವೇ ಅದು.

2025ರಲ್ಲಿ ಹೊಸ ಮಾರಿಗುಡಿ ಇಳಕಲ್ಲಿನ ಕೆಂಪು ಶಿಲೆಯಲ್ಲಿ ಪುನರ್ನಿರ್ಮಾಣಗೊಂಡು ಬ್ರಹ್ಮಕಲಶ ನಡೆಯಿತು. ಕೆತ್ತನೆ ಚೆನ್ನಾಗಿದೆ, ಕಲ್ಲಿನ ಬಣ್ಣ ಸಂಜೆ ಬಿಸಿಲಿಗೆ ಇನ್ನೂ ಚೆನ್ನ. ಮಾರಿಪೂಜೆಯ ದಿನ ಆ ಗೋಡೆಯ ಹೊರಗೆ ಯಾರು ಯಾರು ಬುಟ್ಟಿ ಇಳಿಸಿ ಕೂರುತ್ತಾರೆ ಎಂಬುದನ್ನು ನೋಡದೆ ಗುಡಿಯ ಚೆಲುವಿನ ಬಗ್ಗೆ ವಿಮರ್ಶೆ ಬರೆದು ಮುಗಿಸಲಾಗದು.